ಬ್ಯಾಂಕಿನ ಸಾಲ ವಿಭಾಗವೂ ಲೆಕ್ಕ ನೋಡುವ ತಂತ್ರಾಂಶವೂ

ಬ್ಯಾಂಕು ಎಂದೊಡನೆ ನಮ್ಮಲ್ಲಿ ಅನೇಕರಿಗೆ ಅದು ಹಣ ಇಡುವ ಜಾಗವೆಂದೇ ತೋರುತ್ತದೆ. ಆದರೆ ಬ್ಯಾಂಕು ಬದುಕುವುದು ಮುಖ್ಯವಾಗಿ ಹಣ ಇಟ್ಟುಕೊಳ್ಳುವುದರಿಂದಲ್ಲ, ಕೊಡುವುದರಿಂದ. ಒಬ್ಬರು ನಂಬಿ ಇಟ್ಟ ಹಣವನ್ನು ಮತ್ತೊಬ್ಬರಿಗೆ ನಂಬಿ ಕೊಡುವುದೇ ಅದರ ಕಸುಬು. ಈ ಎರಡನೆಯ ನಂಬಿಕೆ ಎಲ್ಲಿಂದ ಹುಟ್ಟಬೇಕು? ಸಾಲ ಕೇಳಲು ಬಂದವನ ಮುಖ ನೋಡಿಯೋ, ಅವನ ಮನೆಯ ಪತ್ರ ನೋಡಿಯೋ, ಅಥವಾ ಅವನ ವ್ಯಾಪಾರದ ಲೆಕ್ಕ ನೋಡಿಯೋ? ಇಂದು ಅನೇಕ ಬ್ಯಾಂಕುಗಳಲ್ಲಿ ಆ ಲೆಕ್ಕವನ್ನು ಮನುಷ್ಯನ ಕಣ್ಣಿಗಿಂತ ಮೊದಲು ಕಂಪ್ಯೂಟರಿನ ತಂತ್ರಾಂಶವು ನೋಡುತ್ತದೆ. ಆದುದರಿಂದ ಸಾಲ ವಿಭಾಗಕ್ಕೆ ಎಂಥ ತಂತ್ರಾಂಶವನ್ನು ಆರಿಸಬೇಕೆಂಬುದು ಬ್ಯಾಂಕಿನವರ ಒಳಮನೆಯ ಮಾತಾಗಿ ಮಾತ್ರ ಉಳಿದಿಲ್ಲ. ಸಾಲ ಕೇಳುವ ನಮ್ಮಂಥವರ ಮನೆಯ ಮಾತೂ ಆಗಿದೆ.

ಕಲಾ ವಿಭಾಗದ ವಿದ್ಯಾರ್ಥಿನಿಯಾದ ನಾನು ಈ ವಿಷಯಕ್ಕೆ ಕೈ ಹಾಕಿದುದಕ್ಕೆ ಎರಡು ಕಾರಣಗಳುಂಟು. ನಮ್ಮ ತಂದೆಯವರದು ದಾವಣಗೆರೆಯಲ್ಲಿ ಒಂದು ಸಣ್ಣ ಮಂಡಕ್ಕಿ ಭಟ್ಟಿ. ತಂದೆ ಆರನೆಯ ತರಗತಿಯವರೆಗೆ ಓದಿದವರು. ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ಮನೆತನದಲ್ಲಿ ಪದವಿಯ ಕೊನೆಯ ವರ್ಷದವರೆಗೆ ಬಂದವಳು ನಾನೇ ಮೊದಲು. ಎರಡು ವರ್ಷಗಳ ಹಿಂದೆ, ಕಾದ ಮರಳಿನಲ್ಲಿ ಕೈಯಿಂದ ಹುರಿಯುವುದನ್ನು ಬಿಟ್ಟು ಯಂತ್ರ ಹಾಕಿಸಬೇಕೆಂದು ತಂದೆ ಒಂದು ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದರು. ಮೂರು ವಾರ ಕಳೆದ ಮೇಲೆ ಅರ್ಜಿ ಹಿಂದಕ್ಕೆ ಬಂತು. ಕಾರಣದ ಜಾಗದಲ್ಲಿ ಇದ್ದುದು ಒಂದೇ ಸಾಲು: ಚಾಲ್ತಿ ಅನುಪಾತ ೦.೯೨, ಸಾಲದು. ಅದು ಹೇಗೆ ಬಂತೆಂದು ಕೇಳಿದರೆ, "ಕಂಪ್ಯೂಟರು ಹಾಗೆ ತೋರಿಸುತ್ತಿದೆ, ನಾವೇನು ಮಾಡೋದು?" ಎಂಬ ಉತ್ತರ ದೊರೆಯಿತು. ತಂದೆ ಮನೆಗೆ ಬಂದು ಆ ಕಾಗದವನ್ನು ನನ್ನ ಕೈಗಿತ್ತು, "ಸೊನ್ನೆ ಚುಕ್ಕಿ ತೊಂಬತ್ತೆರಡು ಅಂದ್ರೆ ಏನವ್ವ? ನಾನು ಯಾರದ್ದಾದ್ರೂ ದುಡ್ಡು ಮುಳುಗಿಸೀನೇನು?" ಎಂದು ಕೇಳಿದರು. ಅರ್ಥಶಾಸ್ತ್ರ ಓದುತ್ತಿದ್ದ ನನಗೂ ಉತ್ತರ ತಿಳಿದಿರಲಿಲ್ಲ.

ಎರಡನೆಯ ಕಾರಣ, ಕಳೆದ ರಜೆಯಲ್ಲಿ ಬೇರೊಂದು ಊರಿನ ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ನಾನು ಆರು ವಾರ ಕಲಿಕೆಯ ಕೆಲಸ ಮಾಡಿದೆನು. ಅದೇ ಸಮಯಕ್ಕೆ ಆ ವಿಭಾಗದವರು ಲೆಕ್ಕಪತ್ರಗಳನ್ನು ವಿಶ್ಲೇಷಿಸುವ ತಂತ್ರಾಂಶವೊಂದನ್ನು ಕೊಳ್ಳುವ ಸಿದ್ಧತೆಯಲ್ಲಿದ್ದರು. ಅಂಕಿಗಳನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಹೀಗೆ ಕಿಟಕಿಯ ಹೊರಗೆ ನಿಂತು ಕಂಡುದನ್ನೂ ಒಳಗೆ ಕುಳಿತು ಕಂಡುದನ್ನೂ ಜೋಡಿಸಿ ಬರೆಯಲು ಧೈರ್ಯ ಮಾಡಿದ್ದೇನೆ.

ಮೊದಲಿಗೆ, ಬ್ಯಾಂಕು ನೋಡುವ ಲೆಕ್ಕಪತ್ರಗಳಾದರೂ ಯಾವುವು ಎಂಬುದನ್ನು ತಿಳಿಯೋಣ. ಮುಖ್ಯವಾದವು ಎರಡು. ಒಂದು, ಲಾಭ-ನಷ್ಟದ ಲೆಕ್ಕ. ಅದು ವರ್ಷವಿಡೀ ನಡೆದ ವ್ಯಾಪಾರದ ಕಥೆ: ಎಷ್ಟು ಮಾರಿದೆವು, ಎಷ್ಟು ಖರ್ಚಾಯಿತು, ಏನು ಉಳಿಯಿತು. ಇನ್ನೊಂದು, ಅಢಾವೆ ಪತ್ರಿಕೆ, ಅಂದರೆ ಎಲ್ಲರೂ ಬ್ಯಾಲೆನ್ಸ್ ಶೀಟ್ ಎಂದು ಕರೆಯುವ ಕಾಗದ. ಅದು ಒಂದು ದಿನದ ಚಿತ್ರ: ಮಾರ್ಚ್ ೩೧ರ ಸಂಜೆ ನಮ್ಮಲ್ಲಿ ಇದ್ದುದೇನು, ನಾವು ಕೊಡಬೇಕಾದುದೇನು. ಇದ್ದುದರಲ್ಲಿ ಒಂದು ವರ್ಷದೊಳಗೆ ಹಣವಾಗಬಲ್ಲುದನ್ನು ಚಾಲ್ತಿ ಆಸ್ತಿಯೆಂದೂ, ಕೊಡಬೇಕಾದುದರಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದುದನ್ನು ಚಾಲ್ತಿ ಹೊಣೆಯೆಂದೂ ಕರೆಯುತ್ತಾರೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ದೊರೆಯುವುದೇ ಚಾಲ್ತಿ ಅನುಪಾತ. ಅದು ಒಂದಕ್ಕಿಂತ ಕಡಿಮೆಯಾದರೆ, ವರ್ಷದೊಳಗೆ ಬರುವ ಹಣ ವರ್ಷದೊಳಗೆ ಕೊಡಬೇಕಾದ ಹಣಕ್ಕೆ ಸಾಲದೆಂದು ಅರ್ಥ. ತಂದೆಯವರ ಪ್ರಶ್ನೆಗೆ ಅರ್ಧ ಉತ್ತರ ಇದು. ಉಳಿದರ್ಧ ಮುಂದೆ ಬರುತ್ತದೆ.

ನಮ್ಮ ದೇಶದ ಬ್ಯಾಂಕುಗಳು ಹೀಗೆ ಲೆಕ್ಕ ನೋಡುವುದನ್ನು ರೂಢಿಸಿಕೊಂಡ ಬಗೆಗೂ ಒಂದು ಇತಿಹಾಸವಿದೆ. ಹಿಂದೆ ಬಹುಮಟ್ಟಿಗೆ ಅಡಮಾನ ನೋಡಿ ಸಾಲ ಕೊಡುತ್ತಿದ್ದರು. ರಿಸರ್ವ್ ಬ್ಯಾಂಕು ೧೯೭೪ರಲ್ಲಿ ಟಂಡನ್ ಅವರ ಅಧ್ಯಕ್ಷತೆಯಲ್ಲಿ ಒಂದು ಅಧ್ಯಯನ ತಂಡವನ್ನು ನೇಮಿಸಿತು. ೧೯೭೫ರಲ್ಲಿ ಬಂದ ಅದರ ವರದಿ, ಅಡಮಾನಕ್ಕಿಂತ ವ್ಯಾಪಾರದ ನಿಜವಾದ ಅಗತ್ಯವನ್ನು ಅಳೆದು ಸಾಲ ಕೊಡಬೇಕೆಂದು ಹೇಳಿತು. ಅದು ಸೂಚಿಸಿದ ಎರಡನೆಯ ವಿಧಾನದಂತೆ, ಚಾಲ್ತಿ ಆಸ್ತಿ ೧೦೦ ರೂಪಾಯಿ ಇದ್ದರೆ ಅದರಲ್ಲಿ ೨೫ ರೂಪಾಯಿಯನ್ನು ಸಾಲಗಾರನು ತನ್ನ ದೀರ್ಘಕಾಲದ ಬಂಡವಾಳದಿಂದ ತರಬೇಕು. ಉಳಿದ ೭೫ ಮಾತ್ರ ವರ್ತಕರ ಬಾಕಿಯಿಂದಲೂ ಬ್ಯಾಂಕಿನ ಸಾಲದಿಂದಲೂ ಬರಬಹುದು. ೧೦೦ನ್ನು ೭೫ರಿಂದ ಭಾಗಿಸಿದರೆ ೧.೩೩. ಇಂದಿಗೂ ಬ್ಯಾಂಕಿನ ಅಧಿಕಾರಿಗಳ ಬಾಯಲ್ಲಿ ಕೇಳಿಬರುವ "ಒಂದು ಪಾಯಿಂಟ್ ಮೂವತ್ತಮೂರು" ಎಂಬ ಅಂಕಿ ಹುಟ್ಟಿದುದು ಹೀಗೆ. ಸಣ್ಣ ಉದ್ಯಮಗಳಿಗೆ ಇಷ್ಟೊಂದು ಲೆಕ್ಕ ಭಾರವೆಂದು ಕಂಡುದರಿಂದ, ೧೯೯೨ರಲ್ಲಿ ನಾಯಕ್ ಸಮಿತಿಯು ಸುಲಭವಾದ ದಾರಿಯೊಂದನ್ನು ತೋರಿಸಿತು. ಮುಂದಿನ ವರ್ಷ ೪೦ ಲಕ್ಷದ ವ್ಯಾಪಾರವಾಗಬಹುದೆಂದು ನಂಬಬಹುದಾದರೆ, ಅದರ ಕಾಲುಭಾಗ ೧೦ ಲಕ್ಷ ದುಡಿಯುವ ಬಂಡವಾಳ ಬೇಕು. ಅದರಲ್ಲಿ ಬ್ಯಾಂಕಿನದು ೮ ಲಕ್ಷ, ಮಾಲೀಕನದು ೨ ಲಕ್ಷ. ೧೯೯೭ರಲ್ಲಿ ರಿಸರ್ವ್ ಬ್ಯಾಂಕು ಕಟ್ಟುಪಾಡನ್ನು ಸಡಿಲಿಸಿ, ಅಗತ್ಯವನ್ನು ಅಳೆಯುವ ವಿಧಾನವನ್ನು ಆಯಾ ಬ್ಯಾಂಕುಗಳ ವಿವೇಚನೆಗೇ ಬಿಟ್ಟಿತು. ಅಂದರೆ ೧.೩೩ ಎಂಬುದು ಬ್ರಹ್ಮಲಿಖಿತವೇನಲ್ಲ. ಅದೊಂದು ಅಳತೆಗೋಲು, ಹಿಡಿದ ಕೈಗೆ ವಿವೇಕ ಬೇಕು.

ಇನ್ನು ತಂತ್ರಾಂಶ ಮಾಡುವ ಕೆಲಸವೇನು? ಒಬ್ಬೊಬ್ಬ ವ್ಯಾಪಾರಿಯ ಲೆಕ್ಕ ಒಂದೊಂದು ಬಗೆಯದು. ಒಬ್ಬನು "ಸಾಲಿಗರು" ಎಂದು ಬರೆದುದನ್ನು ಇನ್ನೊಬ್ಬನು "ಪಾರ್ಟಿ ಬಾಕಿ" ಎನ್ನುತ್ತಾನೆ. ಇವನ್ನೆಲ್ಲ ಒಂದೇ ನಮೂನೆಯ ಕಲಮುಗಳಿಗೆ ಹರವಿ, ಮೂರು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸುವುದು ಮೊದಲ ಕೆಲಸ. ಬ್ಯಾಂಕಿನವರು ಇದನ್ನು ಸ್ಪ್ರೆಡಿಂಗ್ ಎನ್ನುತ್ತಾರೆ. ಅನುಪಾತಗಳನ್ನು ಲೆಕ್ಕ ಹಾಕುವುದು ಎರಡನೆಯದು. ಮುಂದಿನ ವರ್ಷಗಳ ಅಂದಾಜನ್ನು ಪರೀಕ್ಷಿಸುವುದು ಮೂರನೆಯದು. ಕೊನೆಯಲ್ಲಿ ಇಷ್ಟು ಅಂಕವೆಂದು ಸಾಲಗಾರನಿಗೆ ದರ್ಜೆ ಕೊಡುವುದು ನಾಲ್ಕನೆಯದು.

ಇದನ್ನೆಲ್ಲ ಕಾಗದದ ಮೇಲೋ, ಕಂಪ್ಯೂಟರಿನ ಸಾಮಾನ್ಯ ಲೆಕ್ಕದ ಹಾಳೆಯಲ್ಲೋ ಮಾಡಿದರೆ ಸಾಲದೆ ಎಂದು ನಾನು ಕೇಳಿದುದುಂಟು. ವಿಸಿಕ್ಯಾಲ್ಕ್ ಎಂಬ ಮೊದಲ ಹಾಳೆ ಮಾರುಕಟ್ಟೆಗೆ ಬಂದ ೧೯೭೯ರಿಂದ ಇಂದಿನ ಎಕ್ಸೆಲ್‌ವರೆಗೆ, ಈ ಹಾಳೆಗಳು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅವುಗಳಲ್ಲಿ ಯಾರು, ಯಾವಾಗ, ಯಾವ ಅಂಕಿಯನ್ನು ತಿದ್ದಿದರೆಂಬುದು ಸುಲಭವಾಗಿ ತಿಳಿಯುವುದಿಲ್ಲ. ೨೦೧೨ರಲ್ಲಿ ಅಮೆರಿಕದ ಜೆ.ಪಿ. ಮಾರ್ಗನ್ ಬ್ಯಾಂಕಿಗೆ ಲಂಡನ್ನಿನ ಒಂದು ವ್ಯವಹಾರದಲ್ಲಿ ೬೦೦ ಕೋಟಿ ಡಾಲರಿಗೂ ಮಿಕ್ಕಿ ನಷ್ಟವಾಯಿತು. ಅಪಾಯವನ್ನು ಅಳೆಯುತ್ತಿದ್ದ ಎಕ್ಸೆಲ್ ಹಾಳೆಯೊಂದರಲ್ಲಿ ಸರಾಸರಿಯಿಂದ ಭಾಗಿಸಬೇಕಾದಲ್ಲಿ ಮೊತ್ತದಿಂದ ಭಾಗಿಸಲಾಗಿತ್ತೆಂದೂ, ಅದರಿಂದ ಅಪಾಯ ಇದ್ದುದಕ್ಕಿಂತ ಕಡಿಮೆಯಾಗಿ ಕಂಡಿತೆಂದೂ ಆ ಬ್ಯಾಂಕೇ ೨೦೧೩ರಲ್ಲಿ ಪ್ರಕಟಿಸಿದ ವರದಿ ತಿಳಿಸಿತು. ನಷ್ಟಕ್ಕೆ ಬೇರೆ ಕಾರಣಗಳೂ ಇದ್ದುವು, ನಿಜ. ಆದರೆ ಅಷ್ಟು ದೊಡ್ಡವರ ಮನೆಯಲ್ಲೇ ಹೀಗಾದರೆ, ದಿನಕ್ಕೆ ಹತ್ತಾರು ಅರ್ಜಿ ನೋಡುವ ನಮ್ಮ ಬ್ಯಾಂಕುಗಳಿಗೆ ಕಟ್ಟುನಿಟ್ಟಾದ ತಂತ್ರಾಂಶ ಬೇಡವೆನ್ನಲಾಗದು. ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಎಂಥದು ಬೇಕೆಂಬುದೇ ಪ್ರಶ್ನೆ.

ನಾನಿದ್ದ ಬ್ಯಾಂಕಿಗೆ ಮೂರು ಸಂಸ್ಥೆಗಳವರು ತಂತಮ್ಮ ತಂತ್ರಾಂಶವನ್ನು ತೋರಿಸಲು ಬಂದರು. ಮೂವರೂ ತಾವೇ ತಂದ ಉದಾಹರಣೆಯ ಲೆಕ್ಕದಿಂದ ಬಣ್ಣಬಣ್ಣದ ನಕ್ಷೆಗಳನ್ನು ಎಬ್ಬಿಸಿ ತೋರಿಸಿದರು. ಒಬ್ಬರಂತೂ ಇಡೀ ಅಢಾವೆ ಪತ್ರಿಕೆಯ ಚಿತ್ರವನ್ನು ಯಂತ್ರವೇ ಓದಿ, ಚಹಾ ಆರುವುದರೊಳಗೆ ದರ್ಜೆ ಕೊಡುತ್ತದೆ ಎಂದರು. ನನಗೆ ಅದೇ ಎಲ್ಲಕ್ಕಿಂತ ಮೇಲೆಂದು ತೋರಿತು. ಸಾಲ ವಿಭಾಗದ ಹಿರಿಯ ಅಧಿಕಾರಿಗಳು ಮಾತ್ರ ನಕ್ಕು, "ನೋಡಮ್ಮ, ಹೆಣ್ಣು ನೋಡೋಕೆ ಹೋದಾಗ ಎಲ್ಲರ ಮನೇಲೂ ಉಪ್ಪಿಟ್ಟು ಚೆನ್ನಾಗೇ ಇರುತ್ತೆ. ಇವರ ಉಪ್ಪಿಟ್ಟು ಬೇಡ, ನಮ್ಮ ಅಕ್ಕಿ ಕೊಟ್ಟು ಅನ್ನ ಮಾಡಿಸೋಣ" ಎಂದರು. ಅವರು ಕಪಾಟಿನಿಂದ ಹತ್ತು ಹಳೆಯ ಕಡತಗಳನ್ನು ತೆಗೆದರು. ಆರು ಸಾಲಗಳು ಸರಿಯಾಗಿ ತೀರಿದ್ದುವು; ನಾಲ್ಕು ಕೆಟ್ಟಿದ್ದುವು, ಅಂದರೆ ಕಂತು ತೊಂಬತ್ತು ದಿನಕ್ಕೂ ಮೀರಿ ನಿಂತು ವಸೂಲಾಗದ ಸಾಲಗಳ ಪಟ್ಟಿಗೆ ಸೇರಿದ್ದುವು. ಹೆಸರು, ವಿಳಾಸ, ಖಾತೆಯ ಸಂಖ್ಯೆಗಳನ್ನು ಮುಚ್ಚಿ, ಸಾಲ ಕೊಡುವ ಮುಂಚಿನ ಲೆಕ್ಕಗಳನ್ನು ಮಾತ್ರ ಮೂವರಿಗೂ ಒಂದೇ ಬಗೆಯಾಗಿ ಕೊಡಿಸಿದರು. ಯಾವುದು ತೀರಿತು, ಯಾವುದು ಕೆಟ್ಟಿತೆಂಬುದನ್ನು ಹೇಳಲಿಲ್ಲ. ತಂತ್ರಾಂಶ ಕೊಳ್ಳುವ ಯಾವ ಬ್ಯಾಂಕೂ ಮಾಡಬಹುದಾದ, ಬಹುಮಟ್ಟಿಗೆ ಖರ್ಚಿಲ್ಲದ ಪರೀಕ್ಷೆಯಿದು.

ಆ ಹತ್ತು ಕಡತಗಳನ್ನು ತುಂಬುತ್ತ ತುಂಬುತ್ತ, ಕೇಳಬೇಕಾದ ಪ್ರಶ್ನೆಗಳು ಯಾವುವೆಂಬುದು ನನಗೂ ಸ್ವಲ್ಪಮಟ್ಟಿಗೆ ತಿಳಿಯುತ್ತ ಬಂತು. ಅವುಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯ ಪ್ರಶ್ನೆ: ಈ ಅಂಕಿ ಎಲ್ಲಿಂದ ಬಂತು? ಒಳ್ಳೆಯ ತಂತ್ರಾಂಶದಲ್ಲಿ ಯಾವುದೇ ಅನುಪಾತದ ಮೇಲೆ ಬೆರಳಿಟ್ಟರೆ ಅದು ಯಾವ ಯಾವ ಅಂಕಿಗಳಿಂದ ಆಯಿತೆಂದೂ, ಆ ಅಂಕಿಗಳು ಮೂಲ ಕಾಗದದ ಯಾವ ಪುಟದಲ್ಲಿವೆಯೆಂದೂ ತೋರಿಸಬೇಕು. ಯಂತ್ರ ಒಂದು ಕಲಮಿನಲ್ಲಿ ಹಾಕಿದುದನ್ನು ಅಧಿಕಾರಿಯು ಇನ್ನೊಂದು ಕಲಮಿಗೆ ಸಾಗಿಸಲು ಅವಕಾಶವಿರಬೇಕು. ಹಾಗೆ ಸಾಗಿಸಿದವರ ಹೆಸರು, ದಿನಾಂಕ, ಕಾರಣ ಮೂರೂ ಅಳಿಸಲಾಗದಂತೆ ಉಳಿಯಬೇಕು.

ಇಲ್ಲಿ ನಮ್ಮ ತಂದೆಯವರ ಅರ್ಜಿ ನನಗೆ ನೆನಪಾಯಿತು. ಆ ರಾತ್ರಿ ಮನೆಯಿಂದ ಅವರ ಅಢಾವೆ ಪತ್ರಿಕೆಯ ಚಿತ್ರವನ್ನು ಫೋನಿನಲ್ಲಿ ತರಿಸಿಕೊಂಡು ನಾನೇ ಲೆಕ್ಕ ಹಾಕಿ ನೋಡಿದೆ. ಭತ್ತ, ಮಂಡಕ್ಕಿಯ ದಾಸ್ತಾನು ೩,೫೦,೦೦೦. ಅಂಗಡಿಗಳವರಿಂದ ಬರಬೇಕಾದುದು ೨,೦೦,೦೦೦. ಕೈಯಲ್ಲಿ ಮತ್ತು ಖಾತೆಯಲ್ಲಿ ೫೦,೦೦೦. ಒಟ್ಟು ಚಾಲ್ತಿ ಆಸ್ತಿ ೬,೦೦,೦೦೦. ಭತ್ತದ ವರ್ತಕರಿಗೆ ಕೊಡಬೇಕಾದುದು ೨,೫೦,೦೦೦. ಹಳೆಯ ಬ್ಯಾಂಕ್ ಸಾಲ ೧,೫೦,೦೦೦. ಒಟ್ಟು ೪,೦೦,೦೦೦. ಅನುಪಾತ ೧.೫ ಬರಬೇಕಲ್ಲ! ಹಾಗಾದರೆ ೦.೯೨ ಎಲ್ಲಿಂದ ಬಂತು? ಪಟ್ಟಿಯ ಕೆಳಗೆ ಇನ್ನೊಂದು ಸಾಲಿತ್ತು: ಆಧಾರವಿಲ್ಲದ ಸಾಲ ೨,೫೦,೦೦೦. ಅದು ನನ್ನ ಸೋದರಮಾವ ಎಂಟು ವರ್ಷಗಳ ಹಿಂದೆ ಭಟ್ಟಿ ಕಟ್ಟಿಸಲು ಬಡ್ಡಿಯಿಲ್ಲದೆ ಕೊಟ್ಟ ಹಣ. ಯಂತ್ರವು ಅದನ್ನೂ ವರ್ಷದೊಳಗೆ ತೀರಿಸಬೇಕಾದ ಹೊಣೆಯೆಂದು ಸೇರಿಸಿತ್ತು. ೬,೦೦,೦೦೦ವನ್ನು ೬,೫೦,೦೦೦ದಿಂದ ಭಾಗಿಸಿದರೆ ೦.೯೨. ಉತ್ತರ ಸಿಕ್ಕಿತು. ಕಣ್ಣಲ್ಲಿ ನೀರೂ ಬಂತೆಂದು ಬರೆಯಲು ಸಂಕೋಚವಿಲ್ಲ.

ಮಾರನೆಯ ದಿನ ಹೆಸರು ಹೇಳದೆ ಈ ಲೆಕ್ಕವನ್ನು ಹಿರಿಯ ಅಧಿಕಾರಿಗಳಿಗೆ ತೋರಿಸಿ, "ಸಾರ್, ಇದರಲ್ಲಿ ಯಂತ್ರದ್ದು ತಪ್ಪಲ್ಲವೇ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಪೂರ್ತಿ ತಪ್ಪು ಅನ್ನೋಕಾಗಲ್ಲಮ್ಮ. ಆ ಮಾವ ನಾಳೇನೇ ಬಂದು ದುಡ್ಡು ಕೇಳಿದ್ರೆ? ಬ್ಯಾಂಕಿನ ಸಾಲ ತೀರೋವರೆಗೂ ವಾಪಸ್ ಕೇಳಲ್ಲ ಅಂತ ಅವರಿಂದ ಒಂದು ಪತ್ರ ಬರೆಸಿಕೊಂಡಿದ್ರೆ ಸ್ವಂತ ಬಂಡವಾಳದ ಹಾಗೇ ನೋಡಬಹುದಿತ್ತು. ಅದನ್ನ ಕೇಳಬೇಕಾಗಿದ್ದು ಅಧಿಕಾರಿ. ಕೇಳಬೇಕು ಅಂತ ಅವರಿಗೆ ಕಾಣಿಸಬೇಕಾಗಿದ್ದು ತಂತ್ರಾಂಶ" ಎಂದರು. ಈ ಮಾತನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಯಂತ್ರ ಕಠಿಣವಾಗಿದ್ದುದು ದೋಷವಲ್ಲ. ಮುಚ್ಚಿದ ಪೆಟ್ಟಿಗೆಯಂತೆ ಇದ್ದುದು ದೋಷ.

ಎರಡನೆಯ ಪ್ರಶ್ನೆ: ಇದು ನಮ್ಮ ಲೆಕ್ಕಕ್ಕೆ ಹೊಂದುತ್ತದೆಯೇ? ನಮ್ಮಲ್ಲಿ ಕಂಪೆನಿಗಳ ಅಢಾವೆ ಪತ್ರಿಕೆಗೆ ೨೦೧೩ರ ಕಂಪೆನಿ ಕಾಯಿದೆಯ ಮೂರನೆಯ ಅನುಸೂಚಿಯ ನಮೂನೆಯಿದೆ. ದುಡಿಯುವ ಬಂಡವಾಳದ ಸಾಲಕ್ಕೆ ಬ್ಯಾಂಕುಗಳು ಕೇಳುವ ಸಿ.ಎಂ.ಎ. ಎಂಬ ಆರು ನಮೂನೆಗಳಿವೆ. ಬೇರೆ ದೇಶಕ್ಕಾಗಿ ಮಾಡಿದ ತಂತ್ರಾಂಶದಲ್ಲಿ ಇವು ಇಲ್ಲದಿದ್ದರೆ ನೌಕರರು ಒಂದೇ ಲೆಕ್ಕವನ್ನು ಎರಡು ಸಲ ತುಂಬಬೇಕಾಗುತ್ತದೆ. ಅಷ್ಟೇ ಅಲ್ಲ, ಒಬ್ಬನೇ ಮಾಲೀಕನಿರುವ ಅಂಗಡಿ, ಭಟ್ಟಿ, ಗಿರಣಿಗಳಿಗೆ ಆ ಕಾಯಿದೆಯ ನಮೂನೆ ಅನ್ವಯಿಸುವುದಿಲ್ಲ. ನಮ್ಮ ಜಿಲ್ಲೆಗಳ ಸಾಲಗಾರರಲ್ಲಿ ಇಂಥವರು ಬಹಳ ಮಂದಿ. ದೊಡ್ಡ ಕಂಪೆನಿಯ ಲೆಕ್ಕವನ್ನು ಅಂದವಾಗಿ ಓದುವ ಯಂತ್ರ ಇವರ ಒಂದು ಪುಟದ ಲೆಕ್ಕದೆದುರು ತಡವರಿಸುವುದನ್ನು ನಾನೇ ಕಂಡೆನು. ಲೆಕ್ಕದ ನಿಯಮಗಳು ಬದಲಾಗುವುದನ್ನೂ ತಂತ್ರಾಂಶ ತಿಳಿದಿರಬೇಕು. ೨೦೧೯ರ ಏಪ್ರಿಲ್ ೧ರಿಂದ ಹೊಸ ಲೆಕ್ಕದ ಮಾನದಂಡಗಳಿಗೆ ಒಳಪಟ್ಟ ಕಂಪೆನಿಗಳು ಗುತ್ತಿಗೆಯ ಬಾಡಿಗೆಯನ್ನೂ ಬಹುಮಟ್ಟಿಗೆ ಹೊಣೆಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸಬೇಕಾಯಿತು. ವ್ಯಾಪಾರ ಹಿಂದಿನಂತೆಯೇ ನಡೆದಿದ್ದರೂ ಆ ವರ್ಷ ಸಾಲ ಹೆಚ್ಚಿದಂತೆ ಕಂಡಿತು. ಇದನ್ನರಿಯದ ಯಂತ್ರ ಸುಮ್ಮನೆ ಗಾಬರಿಯ ಗಂಟೆ ಬಾರಿಸುತ್ತದೆ.

ಮೂರನೆಯ ಪ್ರಶ್ನೆ: ಈ ದರ್ಜೆಯನ್ನು ಯಾರನ್ನು ನೋಡಿ ಕಟ್ಟಿದುದು? ಅಂಕಗಳಿಂದ ದಿವಾಳಿಯನ್ನು ಮುಂಗಾಣುವ ಸೂತ್ರಗಳಲ್ಲಿ ಬಹಳ ಪ್ರಸಿದ್ಧವಾದುದು ಎಡ್ವರ್ಡ್ ಆಲ್ಟ್‌ಮನ್ ಅವರು ೧೯೬೮ರಲ್ಲಿ ಪ್ರಕಟಿಸಿದ ಝಡ್ ಅಂಕ. ಅವರು ಅಮೆರಿಕದ ೬೬ ತಯಾರಿಕಾ ಕಂಪೆನಿಗಳನ್ನು ಆರಿಸಿದರು. ೩೩ ದಿವಾಳಿಯಾದವು, ೩೩ ಉಳಿದವು. ಐದು ಅನುಪಾತಗಳನ್ನು ಬೇರೆ ಬೇರೆ ತೂಕ ಕೊಟ್ಟು ಕೂಡಿಸಿ ಒಂದು ಅಂಕ ಮಾಡಿದರು. ಅದರಲ್ಲಿ ಒಂದು ಅನುಪಾತಕ್ಕೆ ಷೇರುಗಳ ಪೇಟೆ ಬೆಲೆ ಬೇಕು. ಮಂಡಕ್ಕಿ ಭಟ್ಟಿಗೆ ಷೇರೆಲ್ಲಿಯದು, ಪೇಟೆ ಬೆಲೆಯೆಲ್ಲಿಯದು? ಆಲ್ಟ್‌ಮನ್ ಅವರೇ ಷೇರುಪೇಟೆಗೆ ಬಾರದ ಸಂಸ್ಥೆಗಳಿಗೆ ಮುಂದೆ ಬೇರೆ ಸೂತ್ರ ಮಾಡಿದರು. ತಂದೆಯ ಅಂಗಿ ಮಗನಿಗೆ ಹಿಡಿಸಲಾರದೆಂಬುದು ಸೂತ್ರ ಮಾಡಿದವರಿಗೇ ತಿಳಿದಿತ್ತು. ಆದುದರಿಂದ ಮಾರುವವರನ್ನು, ನಿಮ್ಮ ದರ್ಜೆಯ ಹಿಂದೆ ಇರುವ ಸಾಲಗಾರರು ಯಾವ ದೇಶದವರು, ಯಾವ ಉದ್ಯಮದವರು, ಯಾವ ವರ್ಷಗಳವರು ಎಂದು ಕೇಳಲೇಬೇಕು. ಉತ್ತರ ಬಾರದಿದ್ದರೆ ಆ ಅಂಕವನ್ನು ನಂಬಲು ಆಧಾರವಿಲ್ಲ.

ನಾಲ್ಕನೆಯ ಪ್ರಶ್ನೆ: ಒಂದು ದಿನದ ಚಿತ್ರವನ್ನು ವರ್ಷದ ಚಿತ್ರವೆಂದು ಇದು ಭ್ರಮಿಸುತ್ತದೆಯೇ? ಭದ್ರಾ ಕಾಲುವೆಯ ನಮ್ಮ ಸೀಮೆಯಲ್ಲಿ ಭತ್ತಕ್ಕೆ ಎರಡು ಸುಗ್ಗಿ. ಮಳೆಗಾಲದ ಬೆಳೆಯ ಭತ್ತ ಮಾರ್ಚ್ ಹೊತ್ತಿಗೆ ಬಹುಮಟ್ಟಿಗೆ ಕರಗಿರುತ್ತದೆ. ಬೇಸಿಗೆ ಬೆಳೆ ಬರುವುದು ಅನಂತರ. ಮಾರ್ಚ್ ೩೧ರ ದಾಸ್ತಾನು ಒಂದು, ಜೂನ್ ತಿಂಗಳ ದಾಸ್ತಾನು ಇನ್ನೊಂದು. ಇದಕ್ಕಾಗಿಯೇ ಬ್ಯಾಂಕುಗಳು ಈಗ ತಿಂಗಳು ತಿಂಗಳ ನಗದಿನ ಹರಿವನ್ನು, ಅಂದರೆ ಬ್ಯಾಂಕ್ ಖಾತೆಯ ವಿವರ ಮತ್ತು ಜಿ.ಎಸ್.ಟಿ. ಪತ್ರಗಳನ್ನು ಲೆಕ್ಕಕ್ಕೆ ಸೇರಿಸುತ್ತಿವೆ. ೨೦೨೧ರಿಂದ ಬಳಕೆಗೆ ಬಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ಸಾಲಗಾರನ ಒಪ್ಪಿಗೆ ಪಡೆದು ಖಾತೆಯ ವಿವರವನ್ನು ನೇರವಾಗಿ ತರಿಸಿಕೊಳ್ಳಬಹುದು. ಇದು ಒಳ್ಳೆಯದೇ. ಆದರೆ ಇಲ್ಲಿಯೂ ಒಂದು ಮಾತಿದೆ. ಹೆಸರು ಮುದ್ರಿಸಿದ ಪೊಟ್ಟಣವಿಲ್ಲದೆ ಚೀಲದಲ್ಲಿ ಬಿಡಿಯಾಗಿ ಮಾರುವ ಮಂಡಕ್ಕಿಗೆ ಜಿ.ಎಸ್.ಟಿ. ಇಲ್ಲ. ತೆರಿಗೆಯೇ ಇಲ್ಲದವನಲ್ಲಿ ತೆರಿಗೆಯ ಪತ್ರವೆಲ್ಲಿಂದ ಬರಬೇಕು? ಪತ್ರವಿಲ್ಲದ ಕಡೆ ಸೊನ್ನೆ ಹಾಕುವ ತಂತ್ರಾಂಶ ನ್ಯಾಯವಾದುದಲ್ಲ. "ಇಲ್ಲಿ ಅನ್ವಯಿಸುವುದಿಲ್ಲ" ಎಂದು ಗುರುತಿಸಿ, ಬೇರೆ ಆಧಾರ ಕೇಳುವುದು ನ್ಯಾಯ.

ಐದನೆಯ ಪ್ರಶ್ನೆ: ಒಳ್ಳೆಯದಾಗಿ ಕಾಣುವ ಅಂಕಿಯ ಹಿಂದಿರುವ ರೋಗವನ್ನು ಇದು ತೋರಿಸುತ್ತದೆಯೇ? ಹತ್ತು ಕಡತಗಳಲ್ಲಿ ಒಂದರ ಕಥೆ ಕೇಳಿರಿ. ಮೊದಲ ವರ್ಷ ವ್ಯಾಪಾರ ೬೦ ಲಕ್ಷ, ಗಿರಾಕಿಗಳಿಂದ ಬರಬೇಕಾದ ಬಾಕಿ ೫ ಲಕ್ಷ, ದಾಸ್ತಾನು ೫ ಲಕ್ಷ, ಚಾಲ್ತಿ ಹೊಣೆ ೭.೫ ಲಕ್ಷ, ಅನುಪಾತ ೧.೩೩. ಮೂರನೆಯ ವರ್ಷ ವ್ಯಾಪಾರ ೬೨ ಲಕ್ಷ, ಬಾಕಿ ೧೫ ಲಕ್ಷ, ದಾಸ್ತಾನು ೮ ಲಕ್ಷ, ಹೊಣೆ ೧೫ ಲಕ್ಷ, ಅನುಪಾತ ೧.೫೩. ಅನುಪಾತ ಏರಿತೆಂದು ಮೂರರಲ್ಲಿ ಒಂದು ತಂತ್ರಾಂಶ ದರ್ಜೆಯನ್ನೂ ಏರಿಸಿತು. ಆದರೆ ಅದೇ ಸಾಲ ಮರುವರ್ಷ ಕೆಟ್ಟಿತ್ತು! ಏಕೆಂದರೆ ಬಾಕಿ ವಸೂಲಿಗೆ ಮೊದಲು ೩೦ ದಿನ ಹಿಡಿಯುತ್ತಿದ್ದುದು ಈಗ ೮೮ ದಿನಕ್ಕೆ ಬಂದಿತ್ತು. ವ್ಯಾಪಾರ ಬೆಳೆದಿರಲಿಲ್ಲ, ಬಾರದ ಬಾಕಿಯೂ ಮಾರದ ಸರಕೂ ಬೆಳೆದಿದ್ದುವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಚಾಲ್ತಿ ಆಸ್ತಿಗೂ ಸಲ್ಲುತ್ತದೆ. ಉಳಿದ ಎರಡು ತಂತ್ರಾಂಶಗಳು ಈ ದಿನಗಳ ಲೆಕ್ಕವನ್ನು ಪಕ್ಕದಲ್ಲೇ ಕೆಂಪಕ್ಷರದಲ್ಲಿ ತೋರಿಸಿದ್ದುವು.

ಇನ್ನು ಲೆಕ್ಕವೇ ಸುಳ್ಳಾದರೆ? ೨೦೦೯ರ ಜನವರಿ ೭ರಂದು ಸತ್ಯಂ ಕಂಪ್ಯೂಟರ್ಸ್ ಕಂಪೆನಿಯ ಅಧ್ಯಕ್ಷರು, ತಮ್ಮ ಅಢಾವೆ ಪತ್ರಿಕೆಯಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ೫,೦೪೦ ಕೋಟಿ ರೂಪಾಯಿ ಇಲ್ಲದ ಹಣವೆಂದು ಪತ್ರ ಬರೆದು ಒಪ್ಪಿಕೊಂಡರು. ಇಲ್ಲದ ಹಣದಿಂದ ಅನುಪಾತ ಹಾಕಿದರೆ ಅನುಪಾತ ಸೊಗಸಾಗಿಯೇ ಬರುತ್ತದೆ. ಹೋದ ವರ್ಷದ ಮುಗಿವಿನ ದಾಸ್ತಾನೂ ಈ ವರ್ಷದ ಆರಂಭದ ದಾಸ್ತಾನೂ ಒಂದೇ ಆಗಿವೆಯೇ, ಮಾರಾಟದ ಅಂಕಿಗೂ ಖಾತೆಗೆ ಬಂದ ಹಣಕ್ಕೂ ತಾಳೆಯಾಗುತ್ತದೆಯೇ ಎಂದು ತಂತ್ರಾಂಶ ಹೋಲಿಸಿ ತೋರಿಸಬಹುದು. ಅದಕ್ಕೂ ಮುಂದಿನದು ಮನುಷ್ಯನ ಕೆಲಸ. ಸ್ಥಳಕ್ಕೆ ಹೋಗಿ ಚೀಲ ಎಣಿಸುವ ಅಧಿಕಾರಿಯ ಬದಲಿಗೆ ನಿಲ್ಲಬಲ್ಲ ತಂತ್ರಾಂಶ ಇನ್ನೂ ಬಂದಿಲ್ಲ.

ಕೊನೆಯ ಪ್ರಶ್ನೆ ಮನೆ ಬಾಡಿಗೆಗೆ ಹಿಡಿಯುವವರೂ ಕೇಳುವಂಥದು: ಬಿಟ್ಟುಹೋಗುವ ದಿನ ಏನಾಗುತ್ತದೆ? ಮಾರಿದ ಸಂಸ್ಥೆ ಬಾಗಿಲು ಹಾಕಿದರೆ, ಅಥವಾ ದರ ಏರಿಸಿದರೆ, ವರ್ಷಗಳಿಂದ ತುಂಬಿದ ಲೆಕ್ಕವನ್ನು ಬೇರೆಡೆ ಓದಲಾಗುವ ರೂಪದಲ್ಲಿ ಹಿಂದಕ್ಕೆ ಕೊಡುತ್ತಾರೆಯೇ? ವರ್ಷದ ಶುಲ್ಕ, ನೌಕರರ ತರಬೇತಿ, ಬ್ಯಾಂಕಿನ ಮುಖ್ಯ ಗಣಕ ವ್ಯವಸ್ಥೆಯೊಡನೆ ಜೋಡಣೆ ಇವುಗಳೆಲ್ಲ ಸೇರಿ ಒಟ್ಟು ವೆಚ್ಚವೆಷ್ಟು? ಸಾಲಗಾರರ ಗುಟ್ಟು ಯಾರ ಕೈಯಲ್ಲಿರುತ್ತದೆ? ಗಣಕದ ಕೆಲಸವನ್ನು ಹೊರಗಿನವರಿಗೆ ವಹಿಸಿದರೂ ಹೊಣೆ ಬ್ಯಾಂಕಿನದೇ ಎಂಬುದನ್ನು ರಿಸರ್ವ್ ಬ್ಯಾಂಕು ೨೦೨೩ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಸ್ಪಷ್ಟವಾಗಿ ಹೇಳಿದೆ.

ಪರೀಕ್ಷೆಯ ಫಲವೇನಾಯಿತೆಂದು ವಾಚಕರು ಕೇಳಬಹುದು. ಚಹಾ ಆರುವುದರೊಳಗೆ ದರ್ಜೆ ಕೊಡುತ್ತಿದ್ದ ಮೊದಲನೆಯದು ನಿಜವಾಗಿಯೂ ವೇಗವಾಗಿತ್ತು. ಆದರೆ ಕೈಬರಹದ ಎರಡು ಪುಟಗಳನ್ನು ತಪ್ಪು ಓದಿತು, ದರ್ಜೆಯ ಕಾರಣವನ್ನು ಬಿಡಿಸಿ ಹೇಳಲಿಲ್ಲ. ಕೆಟ್ಟ ಸಾಲಕ್ಕೆ ದರ್ಜೆ ಏರಿಸಿದುದೂ ಇದೇ. ಎರಡನೆಯದು ಎಲ್ಲವನ್ನೂ ಬಲ್ಲದಾಗಿತ್ತು, ಬೆಲೆ ಮಾತ್ರ ಆ ಬ್ಯಾಂಕಿನ ಶಕ್ತಿಗೆ ಮೀರಿತ್ತು. ಮೂರನೆಯದು ನೋಡಲು ಸಾದಾ, ಕೆಲಸದಲ್ಲಿ ನಿಧಾನ. ಒಂದು ಕಡತಕ್ಕೆ ನನಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಆದರೆ ಪ್ರತಿಯೊಂದು ಅಂಕಿಯ ಹೆಜ್ಜೆಗುರುತೂ ಅದರಲ್ಲಿ ಕಾಣುತ್ತಿತ್ತು. ವಿಭಾಗದವರು ಮೂರನೆಯದನ್ನೇ ಆಡಳಿತ ಮಂಡಳಿಗೆ ಶಿಫಾರಸು ಮಾಡಿದರು. ಅದರೊಡನೆ ಹಿರಿಯರು ಒಂದು ಷರತ್ತನ್ನೂ ಬರೆದರು: ಅರ್ಜಿಯನ್ನು ತಿರಸ್ಕರಿಸಿದಾಗ ಅನುಪಾತವನ್ನಷ್ಟೇ ಅಲ್ಲದೆ ಅದು ಯಾವ ಅಂಕಿಗಳಿಂದ 

ಬಂದುದೆಂಬ ಒಂದು ಪುಟವನ್ನೂ ಅರ್ಜಿದಾರನಿಗೆ ಮುದ್ರಿಸಿ ಕೊಡುವಂತಿರಬೇಕು. ತಿರಸ್ಕಾರದ ಮುಖ್ಯ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು ೨೦೦೩ರಲ್ಲಿ ಸಣ್ಣ ಸಾಲಗಳಿಗೂ, ೨೦೦೭ರಲ್ಲಿ ಎಲ್ಲ ಬಗೆಯ ಸಾಲಗಳಿಗೂ ಸೂಚಿಸಿತ್ತು. ಆದರೆ ಅರ್ಥವಾಗದ ಕಾರಣವನ್ನು ಬರೆದುಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ನನ್ನ ಅಲ್ಪ ಬುದ್ಧಿಗೆ ತೋರುವುದಿಷ್ಟು. ಸಾಲ ವಿಭಾಗಕ್ಕೆ ಬೇಕಾದುದು ಬೇಗ ತೀರ್ಪು ಕೊಡುವ ತಂತ್ರಾಂಶವಲ್ಲ, ತನ್ನ ಲೆಕ್ಕವನ್ನು ಬಿಚ್ಚಿ ತೋರಿಸುವ ತಂತ್ರಾಂಶ. ಎಣಿಸುವ ಕೆಲಸ ಯಂತ್ರದ್ದಾಗಲಿ, ತೂಗುವ ಕೆಲಸ ಮನುಷ್ಯನದಾಗಿರಲಿ. ಯಂತ್ರ ಏನನ್ನು ಎಣಿಸಿತೆಂದು ತೂಗುವವನಿಗೂ ತೂಗಿಸಿಕೊಳ್ಳುವವನಿಗೂ ಕಾಣುತ್ತಿರಲಿ. ಜೊತೆಗೆ, ಲೆಕ್ಕಪತ್ರ ಓದುವುದು ವಾಣಿಜ್ಯ ವಿಭಾಗದವರ ಸೊತ್ತೆಂದು ನಾವು ಕಲಾ ವಿಭಾಗದವರು ಕೈಕಟ್ಟಿ ಕೂರಬಾರದು. ಮನೆಯಲ್ಲಿ ಮೊದಲ ಬಾರಿಗೆ ಓದಿದವರ ಮೇಲೆ ಮನೆಯ ಕಾಗದಗಳನ್ನು ಓದುವ ಋಣವೂ ಇದೆ.

ಊರಿಗೆ ಹಿಂದಿರುಗಿದ ಮೇಲೆ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ತಂದೆಗೆ ಈ ಲೆಕ್ಕವನ್ನೆಲ್ಲ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಹಂಗಾದ್ರೆ ತಪ್ಪು ನಂದಲ್ಲ, ನಿಮ್ಮ ಮಾವಂದೂ ಅಲ್ಲ. ಒಂದು ಚೀಟಿ ಇರಲಿಲ್ಲ, ಅಷ್ಟೇ" ಎಂದರು. ಸೋದರಮಾವ ಮುಂದಿನ ಸೋಮವಾರವೇ ಬಂದು, ಬ್ಯಾಂಕಿನ ಸಾಲ ತೀರುವವರೆಗೆ ಹಣ ಕೇಳುವುದಿಲ್ಲವೆಂಬ ಪತ್ರಕ್ಕೆ ರುಜು ಹಾಕಿಕೊಟ್ಟರು. ಹೊಸ ಅರ್ಜಿಯ ಜೊತೆಗೆ ಆ ಪತ್ರವನ್ನೂ ನನ್ನ ಒಂದು ಪುಟದ ಲೆಕ್ಕವನ್ನೂ ಲಗತ್ತಿಸಿ ಕೊಟ್ಟು ಬಂದಿದ್ದೇವೆ. ಈ ಲೇಖನ ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಬರುವ ಉತ್ತರ ಯಾವುದೇ ಆಗಲಿ, ಈ ಸಲ ಅದರಲ್ಲಿರುವ ಅಂಕಿಯನ್ನು ನಮ್ಮ ಮನೆಯಲ್ಲಿ ಓದಬಲ್ಲವರು ಇಬ್ಬರಿದ್ದೇವೆ.